ಎಚ್.ಐ.ವಿ. ಸೋಂಕಿತರು ಮತ್ತು ಉದ್ಯೋಗದ ಹಕ್ಕು

ಎಚ್.ಐ.ವಿ. ಸೋಂಕು ತಗಲಿದ ವ್ಯಕ್ತಿಯು ತನ್ನ ಕೆಲಸವನ್ನು ನಿರ್ವಹಿಸಲು ಸಮರ್ಥನಾಗಿದ್ದರೂ ಕೇವಲ ಆ ಸೋಂಕಿನ ಕಾರಣದಿಂದ ಅವನಿಗೆ ನೌಕರಿ ನಿರಾಕರಿಸುವುದು, ಇದ್ದ ನೌಕರಿಯಿಂದ ತೆಗೆಯುವುದು, ಬಡ್ತಿಯನ್ನು ತಡೆಹಿಡಿಯುವುದು, ಸಹೋದ್ಯೋಗಿಗಳಿಂದ ಬೇರ್ಪಡಿಸಿ ಕೂರಿಸುವುದು ಇವೆಲ್ಲವೂ ಉದ್ಯೋಗದ ಸ್ಥಳದಲ್ಲಿನ ತಾರತಮ್ಯವೆನಿಸುತ್ತವೆ. ಭಾರತದಲ್ಲಿ ಇಂತಹ ತಾರತಮ್ಯವನ್ನು 2017ರ ಒಂದು ಕೇಂದ್ರ ಕಾಯಿದೆಯು ನಿಷೇಧಿಸಿದೆ. ಆ ಕಾಯಿದೆ ಬರುವುದಕ್ಕೆ ಇಪ್ಪತ್ತು ವರ್ಷ ಮೊದಲೇ ನಮ್ಮ ಮುಂಬಯಿಯ ಉಚ್ಚ ನ್ಯಾಯಾಲಯವು ಇದು ಸಂವಿಧಾನಬಾಹಿರವೆಂದು ತೀರ್ಪಿತ್ತಿತ್ತು. ಹಾಗಿದ್ದರೂ ಈ ವಿಷಯದ ಅರಿವು ನಮ್ಮ ಸುಶಿಕ್ಷಿತ ಕುಟುಂಬಗಳಲ್ಲಿಯೂ ಸಾಕಷ್ಟಿಲ್ಲವೆಂಬುದು ನಮ್ಮ ಅನುಭವ. ಆದ್ದರಿಂದ ರೋಗದ ಸ್ವರೂಪ, ನ್ಯಾಯಾಲಯಗಳ ನಿಲುವು, ಕಾಯಿದೆಯ ಅಂಶಗಳು ಮತ್ತು ದೂರಿನ ಮಾರ್ಗ ಇವನ್ನು ಒಂದೆಡೆ ಸಂಗ್ರಹಿಸಿ ಓದುಗರ ಮುಂದಿಡುತ್ತಿದ್ದೇವೆ.

ಇದು ಯಾರೋ ದೂರದವರ ಸಮಸ್ಯೆಯೆಂದು ಭಾವಿಸುವಂತಿಲ್ಲ. 2023ರ ಸರಕಾರಿ ಅಂದಾಜಿನಂತೆ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಂದಿ ಎಚ್.ಐ.ವಿ.ಯೊಡನೆ ಬದುಕುತ್ತಿದ್ದಾರೆ. ವಯಸ್ಕರಲ್ಲಿ ಇದರ ಪ್ರಮಾಣ ಶೇಕಡಾ 0.2ರಷ್ಟು, ಅಂದರೆ ಸಾವಿರಕ್ಕೆ ಇಬ್ಬರು. ಸೋಂಕಿತರ ಸಂಖ್ಯೆ ಅತ್ಯಧಿಕವಾಗಿರುವ ರಾಜ್ಯಗಳು ಮಹಾರಾಷ್ಟ್ರ, ಆಂಧ್ರಪ್ರದೇಶ ಮತ್ತು ಕರ್ನಾಟಕ. ಒಂದು ನಾವು ಹುಟ್ಟಿದ ನಾಡು, ಇನ್ನೊಂದು ನಮಗೆ ಅನ್ನ ಕೊಟ್ಟ ನಾಡು. ಈ ಜನರಲ್ಲಿ ಬಹುಪಾಲು ದುಡಿಯುವ ವಯಸ್ಸಿನವರು ಎಂಬುದನ್ನು ಗಮನಿಸಬೇಕು.

ಸೋಂಕು ಹರಡುವ ಬಗೆ

ಎಚ್.ಐ.ವಿ. ಎಂಬುದು ದೇಹದ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಾಣು. ಇದನ್ನು 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದರು. ಭಾರತದಲ್ಲಿ 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರ ನೇತೃತ್ವದಲ್ಲಿ ಮೊದಲ ಪ್ರಕರಣಗಳು ಪತ್ತೆಯಾದವು. ಸೋಂಕು ತಗಲಿ, ಚಿಕಿತ್ಸೆಯಿಲ್ಲದೆ ಹಲವು ವರ್ಷಗಳು ಕಳೆದ ಬಳಿಕ ದೇಹವು ಬಲಗುಂದಿ ಬೇರೆ ಬೇರೆ ರೋಗಗಳಿಗೆ ತುತ್ತಾಗುವ ಅವಸ್ಥೆಗೆ ಏಡ್ಸ್ ಎಂದು ಹೆಸರು. ಎಚ್.ಐ.ವಿ. ಮತ್ತು ಏಡ್ಸ್ ಒಂದೇ ಅಲ್ಲ. ಸಕಾಲದಲ್ಲಿ ಚಿಕಿತ್ಸೆ ಪಡೆಯುವ ಸೋಂಕಿತರು ಏಡ್ಸ್ ಅವಸ್ಥೆಯನ್ನು ತಲುಪದೆಯೇ ದೀರ್ಘಕಾಲ ಬಾಳಬಲ್ಲರು.

ಈ ವೈರಾಣು ಹರಡುವ ಮಾರ್ಗಗಳು ನಾಲ್ಕು: ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತದ ಪೂರಣ, ಒಬ್ಬರು ಬಳಸಿದ ಸೂಜಿಯ ಮರುಬಳಕೆ, ಮತ್ತು ಗರ್ಭ, ಹೆರಿಗೆ ಇಲ್ಲವೆ ಮೊಲೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ. ಕೈಕುಲುಕುವುದರಿಂದ, ಒಂದೇ ಮೇಜಿನಲ್ಲಿ ಕೂತು ಉಣ್ಣುವುದರಿಂದ, ಲೋಟ ತಟ್ಟೆಗಳಿಂದ, ಶೌಚಾಲಯದಿಂದ, ಕೆಮ್ಮು ಸೀನುಗಳಿಂದ, ಬೆವರಿನಿಂದ, ಸೊಳ್ಳೆ ಕಡಿತದಿಂದ ಇದು ಹರಡುವುದಿಲ್ಲ. ಕಚೇರಿ, ಕಾರ್ಖಾನೆ, ಬ್ಯಾಂಕು, ಶಾಲೆ, ಅಂಗಡಿ ಇಲ್ಲಿ ನಡೆಯುವ ಸಾಮಾನ್ಯ ವ್ಯವಹಾರದಲ್ಲಿ ಮೇಲೆ ಹೇಳಿದ ನಾಲ್ಕರಲ್ಲಿ ಯಾವ ಮಾರ್ಗವೂ ಇಲ್ಲ. ಒಂದೇ ಕೌಂಟರಿನ ಹಿಂದೆ ಮೂವತ್ತು ವರ್ಷ ಜತೆಗೂಡಿ ದುಡಿದರೂ ಒಬ್ಬರಿಂದೊಬ್ಬರಿಗೆ ಸೋಂಕು ದಾಟದು.

ಆಸ್ಪತ್ರೆಗಳ ವಿಚಾರ ಕೊಂಚ ಬೇರೆ. ಸೋಂಕಿತ ರಕ್ತವಿರುವ ಸೂಜಿಯು ಆಕಸ್ಮಿಕವಾಗಿ ಚುಚ್ಚಿದಾಗ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಎಪ್ಪತ್ತೆರಡು ಗಂಟೆಗಳೊಳಗೆ ಆರಂಭಿಸಿ ಇಪ್ಪತ್ತೆಂಟು ದಿನ ಸೇವಿಸುವ ಔಷಧದಿಂದ ಆ ಸಾಧ್ಯತೆಯನ್ನೂ ಬಹಳಷ್ಟು ತಗ್ಗಿಸಬಹುದು. ಕೈಗವಸು ಮೊದಲಾದ ರಕ್ಷಣಾ ಸಾಧನಗಳನ್ನೂ ಈ ಔಷಧವನ್ನೂ ಸಿಬ್ಬಂದಿಗೆ ಒದಗಿಸುವುದು ಆಸ್ಪತ್ರೆಯ ಕರ್ತವ್ಯವೆಂದು ಕಾಯಿದೆಯೇ ವಿಧಿಸಿದೆ.

ಮುಂಬಯಿಯ 1997ರ ತೀರ್ಪು

ಒಂದು ಸಾರ್ವಜನಿಕ ನಿಗಮದಲ್ಲಿ ಹಂಗಾಮಿ ಕೂಲಿಯಾಗಿ ದುಡಿಯುತ್ತಿದ್ದ ಕಾರ್ಮಿಕರೊಬ್ಬರನ್ನು ವೈದ್ಯಕೀಯ ತಪಾಸಣೆಗೆ ಕಳುಹಿಸಲಾಯಿತು. ತಪಾಸಣೆಯಲ್ಲಿ ಎಚ್.ಐ.ವಿ. ಸೋಂಕು ಕಂಡುಬಂದಿತು. ಉಳಿದಂತೆ ದೇಹ ದೃಢವಾಗಿದ್ದು, ಆತ ಮಾಡುತ್ತಿದ್ದ ಕೆಲಸಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೂ ನಿಗಮವು ತನ್ನ ಸುತ್ತೋಲೆಯೊಂದನ್ನು ಮುಂದೊಡ್ಡಿ ಅವರ ಹೆಸರನ್ನು ಕಾರ್ಮಿಕರ ಪಟ್ಟಿಯಿಂದ ತೆಗೆದುಹಾಕಿತು. ಅವರು ಮುಂಬಯಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಲಾಯರ್ಸ್ ಕಲೆಕ್ಟಿವ್ ಸಂಸ್ಥೆಯ ನ್ಯಾಯವಾದಿಗಳು ಅವರ ಪರವಾಗಿ ನಿಂತರು.

ಈ ಮೊಕದ್ದಮೆಯ ಮೊದಲ ವೈಶಿಷ್ಟ್ಯ ಅದರ ಹೆಸರಿನಲ್ಲಿದೆ. ಅರ್ಜಿದಾರರ ನಿಜನಾಮ ದಾಖಲೆಯಲ್ಲಿ ಬಾರದಂತೆ ನ್ಯಾಯಾಲಯವು ಅನುಮತಿಯಿತ್ತು, ಅವರನ್ನು ಎಂ.ಎಕ್ಸ್. ಎಂದೂ ನಿಗಮವನ್ನು ಝಡ್.ವೈ. ಎಂದೂ ಕರೆಯಿತು. ಸೋಂಕಿತನೊಬ್ಬ ನ್ಯಾಯ ಕೇಳಬೇಕಾದರೆ ತನ್ನ ರೋಗವನ್ನು ಊರಿಗೆಲ್ಲ ಸಾರಬೇಕಾಗಿದ್ದ ಕಾಲದಲ್ಲಿ ಇದು ಮಹತ್ವದ ಹೆಜ್ಜೆ. ಗುಟ್ಟು ರಟ್ಟಾಗುವ ಭಯವೇ ಅನೇಕರನ್ನು ನ್ಯಾಯಾಲಯದ ಮೆಟ್ಟಿಲಿನಿಂದ ದೂರವಿಟ್ಟಿತ್ತು.

1997ರ ಏಪ್ರಿಲ್ 3ರಂದು ತೀರ್ಪು ಹೊರಬಿದ್ದಿತು. ಕೆಲಸ ಮಾಡಲು ಶಕ್ತನಾಗಿರುವ, ಇತರರಿಗೆ ಅಪಾಯಕಾರಿಯಲ್ಲದ ವ್ಯಕ್ತಿಯನ್ನು ಸೋಂಕಿನ ಕಾರಣವೊಂದರಿಂದಲೇ ಹೊರಹಾಕುವ ನಿಯಮವು ಸಂವಿಧಾನದ 14ನೆಯ ಮತ್ತು 21ನೆಯ ವಿಧಿಗಳ ಉಲ್ಲಂಘನೆಯೆಂದು ನ್ಯಾಯಾಲಯ ಹೇಳಿತು. ನೌಕರನು ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೂ ಆರೋಗ್ಯವಂತನಾಗಿಯೇ ಇರುತ್ತಾನೆಂಬ ಭರವಸೆಯಿದ್ದರೆ ಮಾತ್ರ ಕೆಲಸ ಕೊಡುತ್ತೇವೆಂಬ ನಿಷ್ಠುರ ನಿಲುವನ್ನು ಸರಕಾರಿ ಸಂಸ್ಥೆಗಳು ತಳೆಯುವಂತಿಲ್ಲವೆಂದೂ, ಇಂತಹ ವ್ಯಕ್ತಿಯನ್ನು ಆರ್ಥಿಕ ಮರಣಕ್ಕೆ ದೂಡುವುದು ಸಾರ್ವಜನಿಕ ಹಿತವಾಗಲಾರದೆಂದೂ ಅದರ ಅಭಿಪ್ರಾಯ. ಅರ್ಜಿದಾರರನ್ನು ಮರಳಿ ಪಟ್ಟಿಗೆ ಸೇರಿಸಬೇಕೆಂದೂ, ಕಳೆದ ಅವಧಿಗಾಗಿ 40,000 ರೂಪಾಯಿ ಪರಿಹಾರ ನೀಡಬೇಕೆಂದೂ ಆದೇಶವಾಯಿತು.

ಈ ತೀರ್ಪಿನ ಕಾಲವನ್ನು ನೆನಪಿನಲ್ಲಿಡಬೇಕು. ಮೂರು ಔಷಧಗಳ ಸಂಯುಕ್ತ ಚಿಕಿತ್ಸೆ ಆಗಷ್ಟೇ ಬಂದಿತ್ತು. ಅದರ ವಾರ್ಷಿಕ ವೆಚ್ಚ ಹತ್ತು ಸಾವಿರ ಡಾಲರಿಗೂ ಮಿಕ್ಕಿದ್ದು, ಹಂಗಾಮಿ ಕೂಲಿಯೊಬ್ಬನಿಗೆ ಅದು ಕನಸಿನಲ್ಲಿಯೂ ದಕ್ಕುವಂತಿರಲಿಲ್ಲ. ಆತ ಹೆಚ್ಚು ಕಾಲ ಬದುಕಲಾರನೆಂದೇ ಜಗತ್ತು ತಿಳಿದಿದ್ದಾಗ, ಬದುಕಿರುವಷ್ಟು ಕಾಲ ದುಡಿದು ಉಣ್ಣುವ ಹಕ್ಕು ಆತನಿಗಿದೆಯೆಂದು ನ್ಯಾಯಾಲಯ ಸಾರಿತು. ನೌಕರಿದಾತನು ಕೇಳಬಹುದಾದ ಪ್ರಶ್ನೆ ಒಂದೇ: ಈತ ಈ ಕೆಲಸವನ್ನು ಮಾಡಬಲ್ಲನೆ? ಈ ಸರಳ ಸೂತ್ರವೇ ಮುಂದಿನ ಎಲ್ಲ ತೀರ್ಪುಗಳಿಗೂ ಕಾಯಿದೆಗೂ ತಳಹದಿಯಾಯಿತು.

ಕರ್ನಾಟಕದಲ್ಲಿಯೂ ಪ್ರಶ್ನೆ ಉದ್ಭವಿಸಿತು. ಸೋಂಕಿನ ಕಾರಣದಿಂದ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆ ನಿರಾಕರಿಸಲ್ಪಟ್ಟ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ 2005ರಲ್ಲಿ ಕರ್ನಾಟಕ ಆಡಳಿತ ನ್ಯಾಯಮಂಡಲಿಯು ಅಭ್ಯರ್ಥಿಯ ಪರವಾದ ನಿಲುವು ತಳೆಯಿತು. ಅಲ್ಲಿಯೂ ಅವರ ಹೆಸರು ಎರಡು ಅಕ್ಷರಗಳ ಹಿಂದೆ ಸುರಕ್ಷಿತವಾಗಿ ಉಳಿಯಿತು.

ಔಷಧ ಬದಲಿಸಿದ ಲೆಕ್ಕ

ನೌಕರಿದಾತರು ಅಂದು ಹೇಳುತ್ತಿದ್ದ ವಾದಗಳಲ್ಲಿ ಮುಖ್ಯವಾದುದು ಹಣಕಾಸಿನದು: ಸೋಂಕಿತನು ಬೇಗ ಕಾಯಿಲೆ ಬೀಳುತ್ತಾನೆ, ರಜೆ ಹಾಕುತ್ತಾನೆ, ವೈದ್ಯಕೀಯ ವೆಚ್ಚ ಏರುತ್ತದೆ. ಈ ವಾದಕ್ಕೆ ಇಂದು ಆಧಾರವಿಲ್ಲ.

2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪೆನಿಯ ಮುಖ್ಯಸ್ಥ ಡಾ. ಯೂಸುಫ್ ಹಮೀದ್ ಅವರು ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರುಗಳಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ, ಒದಗಿಸುವುದಾಗಿ ಘೋಷಿಸಿದರು. ಜಗತ್ತಿನಾದ್ಯಂತ ಬಡರಾಷ್ಟ್ರಗಳ ರೋಗಿಗಳಿಗೆ ಔಷಧ ಎಟುಕುವಂತಾದುದರಲ್ಲಿ ಈ ಘೋಷಣೆಯ ಪಾಲು ದೊಡ್ಡದು. 2004ರ ಏಪ್ರಿಲ್ 1ರಿಂದ ಭಾರತ ಸರಕಾರವು ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ಮೊದಲ ಹಂತದಲ್ಲಿ ಆಯ್ಕೆಯಾದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಕರ್ನಾಟಕವೂ ಸೇರಿದ್ದವು. 2017ರಿಂದ ಸೋಂಕು ಪತ್ತೆಯಾದ ಪ್ರತಿಯೊಬ್ಬರಿಗೂ ಕೂಡಲೇ ಚಿಕಿತ್ಸೆ ಆರಂಭಿಸುವ ನೀತಿ ಜಾರಿಗೆ ಬಂದಿತು. ಇಂದಿನ ಸಾಮಾನ್ಯ ಚಿಕಿತ್ಸೆಯೆಂದರೆ ದಿನಕ್ಕೊಂದು ಗುಳಿಗೆ.

ಔಷಧವನ್ನು ನಿಯಮಿತವಾಗಿ ಸೇವಿಸುವವರ ರಕ್ತದಲ್ಲಿ ವೈರಾಣುವಿನ ಪ್ರಮಾಣವು ಪರೀಕ್ಷೆಗೆ ಸಿಗದಷ್ಟು ಕುಗ್ಗುತ್ತದೆ. ಆ ಸ್ಥಿತಿಯನ್ನು ಕಾಯ್ದುಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕವೂ ಸೋಂಕು ಹರಡುವುದಿಲ್ಲವೆಂಬುದು ಈಗ ದೃಢಪಟ್ಟಿದೆ. ಮಧುಮೇಹ ಅಥವಾ ರಕ್ತದೊತ್ತಡವಿರುವ ನೌಕರನಂತೆ ಇವರೂ ದಿನನಿತ್ಯ ಗುಳಿಗೆ ನುಂಗಿ ನಿವೃತ್ತಿಯವರೆಗೂ ದುಡಿಯಬಲ್ಲರು. ಆದರೆ ಇದಕ್ಕೊಂದು ಷರತ್ತಿದೆ. ಔಷಧವನ್ನು ತಪ್ಪಿಸಬಾರದು. ಕೆಲಸ ಹೋದವನಿಗೆ ಊಟ, ವಸತಿ, ಆಸ್ಪತ್ರೆಗೆ ಹೋಗುವ ಬಸ್ಸಿನ ಖರ್ಚು ಎಲ್ಲವೂ ಕಷ್ಟವಾಗುತ್ತದೆ. ಸಹೋದ್ಯೋಗಿಗಳಿಗೆ ತಿಳಿದೀತೆಂಬ ಹೆದರಿಕೆಯಿಂದ ಕಚೇರಿಯಲ್ಲಿ ಗುಳಿಗೆ ನುಂಗದವನಿಗೂ ಇದೇ ಗತಿ. ಹೀಗೆ ತಾರತಮ್ಯವು ಹೊಟ್ಟೆಯ ಮೇಲೆ ಹೊಡೆಯುವುದಷ್ಟೇ ಅಲ್ಲ, ಚಿಕಿತ್ಸೆಯನ್ನೂ ಕೆಡಿಸುತ್ತದೆ.

2017ರ ಕಾಯಿದೆ

ಎಚ್.ಐ.ವಿ. ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯಿದೆಯ ಮಸೂದೆಯು 2014ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಗಿ, 2017ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಉಭಯ ಸದನಗಳ ಒಪ್ಪಿಗೆ ಪಡೆಯಿತು. ಅದೇ ಏಪ್ರಿಲ್ 20ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. 2018ರ ಸೆಪ್ಟೆಂಬರ್ 10ರಿಂದ ಕಾಯಿದೆ ಜಾರಿಗೆ ಬಂದಿತು. ನೌಕರಿಗೆ ಸಂಬಂಧಿಸಿದ ಅದರ ಮುಖ್ಯಾಂಶಗಳು ಹೀಗಿವೆ.

ರಕ್ಷಣೆ ಯಾರಿಗೆ? ಸೋಂಕಿತರಿಗೆ ಮಾತ್ರವಲ್ಲ, ಅವರೊಡನೆ ವಾಸಿಸುವ ಮತ್ತು ಹಿಂದೆ ವಾಸಿಸಿದ್ದ ಕುಟುಂಬದವರಿಗೂ ರಕ್ಷಣೆಯಿದೆ. ಗಂಡನಿಗೆ ಸೋಂಕಿದೆಯೆಂದು ಹೆಂಡತಿಯನ್ನು ಶಾಲೆಯ ಕೆಲಸದಿಂದ ಬಿಡಿಸುವುದೂ ಕಾಯಿದೆಯ ಉಲ್ಲಂಘನೆ.

ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಅಥವಾ ಕೆಲಸದಲ್ಲಿ ಮುಂದುವರಿಸಲು ಎಚ್.ಐ.ವಿ. ಪರೀಕ್ಷೆಯನ್ನು ಷರತ್ತಾಗಿ ವಿಧಿಸುವಂತಿಲ್ಲ. ನೇಮಕಾತಿಯ ವೈದ್ಯಕೀಯ ತಪಾಸಣೆಯೊಡನೆ ಅಭ್ಯರ್ಥಿಗೆ ತಿಳಿಸದೆ ಈ ಪರೀಕ್ಷೆಯನ್ನೂ ಸೇರಿಸಿಬಿಡುವುದು ಇನ್ನೂ ದೊಡ್ಡ ತಪ್ಪು. ವ್ಯಕ್ತಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ನಡೆಸುವುದನ್ನು ಕಾಯಿದೆ ಪ್ರತ್ಯೇಕವಾಗಿ ನಿಷೇಧಿಸಿದೆ.

ಕೆಲಸದಿಂದ ತೆಗೆಯಲು ಕಾಯಿದೆಯು ಒಂದು ಕಿರಿದಾದ ಬಾಗಿಲನ್ನು ಮಾತ್ರ ತೆರೆದಿಟ್ಟಿದೆ. ಆ ನೌಕರನಿಂದ ಇತರರಿಗೆ ಸೋಂಕು ಹರಡುವ ಗಣನೀಯ ಅಪಾಯವಿದೆ ಅಥವಾ ಆತ ಆ ಕೆಲಸಕ್ಕೆ ಅಸಮರ್ಥನಾಗಿದ್ದಾನೆ ಎಂದು ಅರ್ಹ ಮತ್ತು ಸ್ವತಂತ್ರ ವೈದ್ಯರ ಲಿಖಿತ ವರದಿ ಬೇಕು. ಅದರೊಂದಿಗೆ, ಕೆಲಸದಲ್ಲಿ ಸೂಕ್ತ ಹೊಂದಾಣಿಕೆ ಮಾಡಿಕೊಡಲು ತನಗಿರುವ ಆಡಳಿತಾತ್ಮಕ ಅಥವಾ ಆರ್ಥಿಕ ತೊಂದರೆ ಎಂತಹದೆಂದು ನೌಕರಿದಾತನೂ ಲಿಖಿತವಾಗಿ ತಿಳಿಸಬೇಕು. ಎರಡರ ಪ್ರತಿಗಳನ್ನೂ ನೌಕರನಿಗೆ ಕೊಡಬೇಕು. ಹೊಂದಾಣಿಕೆಯೆಂದರೆ ದೊಡ್ಡ ಉಪಕಾರವೇನಲ್ಲ. ಔಷಧ ತರಲು ಆಸ್ಪತ್ರೆಗೆ ಹೋಗಬೇಕಾದ ದಿನ ಅರ್ಧ ದಿನದ ರಜೆ, ಆಯಾಸದ ದಿನಗಳಲ್ಲಿ ಭಾರ ಎತ್ತುವ ಬದಲು ಕೂತು ಮಾಡುವ ಕೆಲಸ, ಇಷ್ಟೇ.

ಸೋಂಕಿತರು ತಮ್ಮ ಸ್ಥಿತಿಯನ್ನು ನೌಕರಿದಾತನಿಗೆ ತಿಳಿಸಲೇಬೇಕೆಂಬ ನಿರ್ಬಂಧವಿಲ್ಲ. ನ್ಯಾಯದ ಹಿತದಲ್ಲಿ ನ್ಯಾಯಾಲಯವು ಆದೇಶಿಸಿದ ಸಂದರ್ಭವನ್ನು ಬಿಟ್ಟರೆ ಯಾರೂ ಅದನ್ನು ಬಲವಂತವಾಗಿ ಹೊರಗೆಡಹಿಸುವಂತಿಲ್ಲ. ಇಂತಹ ಮಾಹಿತಿ ಇರುವ ಕಡತಗಳನ್ನು ಕಾಯ್ದಿಡುವ ಹೊಣೆ ಸಂಸ್ಥೆಯದು. ಸೋಂಕಿತರ ವಿರುದ್ಧ ದ್ವೇಷ ಹರಡುವವರಿಗೆ ಮೂರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷಗಳವರೆಗಿನ ಕಾರಾಗೃಹವಾಸ, ಒಂದು ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಇವೆರಡನ್ನೂ ವಿಧಿಸಲು ಅವಕಾಶವಿದೆ.

ಕಾಯಿದೆಯ ನಂತರದ ತೀರ್ಪುಗಳು

2023ರ ಜುಲೈ ತಿಂಗಳಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯದ ಲಖನೌ ಪೀಠವು ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಕಾನ್‌ಸ್ಟೇಬಲ್ ಒಬ್ಬರ ಪ್ರಕರಣವನ್ನು ತೀರ್ಮಾನಿಸಿತು. ಅವರನ್ನು ಸೇವೆಯಲ್ಲಿ ಉಳಿಸಿಕೊಂಡಿದ್ದರೂ ಸೋಂಕಿನ ಕಾರಣ ಹೇಳಿ ಬಡ್ತಿಯನ್ನು ನಿರಾಕರಿಸಲಾಗಿತ್ತು. ಇದು ಸಂವಿಧಾನದ 14, 16 ಮತ್ತು 21ನೆಯ ವಿಧಿಗಳಿಗೆ ವಿರುದ್ಧವೆಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಕೆಲಸ ಕೊಟ್ಟಿದ್ದೇವಲ್ಲ, ಇನ್ನೇನು ಬೇಕು ಎಂಬ ಧೋರಣೆಗೆ ಇದು ಉತ್ತರ.

ಅದೇ ವರ್ಷದ ಸೆಪ್ಟೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯವು ವಾಯುಸೇನೆಯ ಯೋಧರೊಬ್ಬರ ಪ್ರಕರಣದಲ್ಲಿ ತೀರ್ಪಿತ್ತಿತು. 2002ರಲ್ಲಿ ಪರಾಕ್ರಮ ಕಾರ್ಯಾಚರಣೆಯ ವೇಳೆ ಜಮ್ಮುವಿನ ಸಾಂಬಾದ ಸೇನಾ ಆಸ್ಪತ್ರೆಯಲ್ಲಿ ಕೊಟ್ಟ ರಕ್ತದಿಂದ ಅವರಿಗೆ ಸೋಂಕು ತಗಲಿತ್ತು. ಅವರಿಗೆ 1 ಕೋಟಿ 54 ಲಕ್ಷ 73 ಸಾವಿರ ರೂಪಾಯಿಗಳ ಪರಿಹಾರ ಸಂದಿತು. ಅದೇ ತೀರ್ಪಿನಲ್ಲಿ, ಸೋಂಕಿತರ ಮೊಕದ್ದಮೆಗಳನ್ನು ಆದ್ಯತೆಯ ಮೇಲೆ ಕೈಗೆತ್ತಿಕೊಳ್ಳಬೇಕೆಂದೂ ಅವರ ಗುರುತನ್ನು ಮರೆಮಾಡಬೇಕೆಂದೂ ಎಲ್ಲ ನ್ಯಾಯಾಲಯಗಳಿಗೆ ಸೂಚನೆಯಿತ್ತು.

2024ರ ಮಾರ್ಚ್ ತಿಂಗಳಲ್ಲಿ ಇನ್ನೊಂದು ತೀರ್ಪು ಬಂದಿತು. ಏಡ್ಸ್ ಎಂಬ ತಪ್ಪು ನಿರ್ಣಯದ ಆಧಾರದಿಂದ 2001ರಲ್ಲಿ ಭೂಸೇನೆಯಿಂದ ಬಿಡುಗಡೆಗೊಳಿಸಲ್ಪಟ್ಟ ಹವಾಲ್ದಾರರೊಬ್ಬರಿಗೆ 50 ಲಕ್ಷ ರೂಪಾಯಿ ಪರಿಹಾರ ನೀಡಲು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಆ ಕುಟುಂಬವು ನ್ಯಾಯಕ್ಕಾಗಿ ಇಪ್ಪತ್ತೆರಡು ವರ್ಷ ಕಾಯಬೇಕಾಯಿತೆಂಬುದನ್ನು ಓದುಗರು ಗಮನಿಸಬೇಕು. ನ್ಯಾಯಾಲಯದ ತೀರ್ಪು ಎಷ್ಟೇ ಉದಾರವಾಗಿದ್ದರೂ ಕಳೆದುಹೋದ ಯೌವನವನ್ನು ಮರಳಿ ಕೊಡಲಾರದು.

ವಜಾಪತ್ರವಿಲ್ಲದ ವಜಾ

ಇಷ್ಟೆಲ್ಲ ತೀರ್ಪುಗಳಿದ್ದ ಮೇಲೆ ಸೋಂಕಿನ ಕಾರಣ ಬರೆದು ವಜಾಪತ್ರ ಕೊಡುವಷ್ಟು ದಡ್ಡತನವನ್ನು ಇಂದು ಯಾವ ಸಂಸ್ಥೆಯೂ ತೋರಲಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ ಅದರ ಜಾಗಕ್ಕೆ ಬಂದಿದೆ. ಗುತ್ತಿಗೆ ನವೀಕರಣವಾಗುವುದಿಲ್ಲ. ಪರೀಕ್ಷಾವಧಿ ತೃಪ್ತಿಕರವಾಗಿಲ್ಲವೆಂಬ ಷರಾ ಬರುತ್ತದೆ. ದೂರದ ಊರಿಗೆ ವರ್ಗವಾಗುತ್ತದೆ. ಜನರ ಎದುರಿನ ಕೆಲಸದಿಂದ ಎತ್ತಿ ಗೋದಾಮಿಗೆ ಹಾಕಲಾಗುತ್ತದೆ. ಬಹಳ ಸಲ ಇದಾವುದೂ ಬೇಕಾಗುವುದಿಲ್ಲ, ಸಹೋದ್ಯೋಗಿಗಳ ನೋಟವೇ ಸಾಕಾಗುತ್ತದೆ.

ನಮ್ಮ ಸೇವಾವಧಿಯಲ್ಲಿ ಹಲವು ವರ್ಷಗಳ ಹಿಂದೆ ಕಂಡ ಒಂದು ಸಂಗತಿಯನ್ನು ಇಲ್ಲಿ ದಾಖಲಿಸುವುದು ಉಚಿತವೆನಿಸುತ್ತದೆ. ಶಾಖೆಯೊಂದರಲ್ಲಿ ಲೆಕ್ಕದಲ್ಲಿ ನಿಷ್ಣಾತರಾಗಿದ್ದ ಗುಮಾಸ್ತರೊಬ್ಬರು ತಮ್ಮ ವೈದ್ಯಕೀಯ ವೆಚ್ಚದ ಬಿಲ್ಲನ್ನು ನಿಯಮದಂತೆ ಸಲ್ಲಿಸಿದರು. ಬಿಲ್ಲಿಗೆ ಲಗತ್ತಿಸಿದ್ದ ಔಷಧಚೀಟಿಯನ್ನು ಯಾರೋ ಓದಿದರು. ಒಂದು ವಾರದೊಳಗೆ ಚಹಾ ತರುವ ಹುಡುಗ ಅವರಿಗಾಗಿ ಬೇರೆಯೇ ಒಂದು ಲೋಟವನ್ನು ಇಡತೊಡಗಿದನು. ಅದಕ್ಕೆ ಯಾರೂ ಆದೇಶ ಕೊಟ್ಟಿರಲಿಲ್ಲ, ಯಾರೂ ತಡೆಯಲೂ ಇಲ್ಲ. ಮಧ್ಯಾಹ್ನದ ಊಟದ ಮೇಜಿನಲ್ಲಿ ಅವರ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು. ಕೆಲವು ತಿಂಗಳಲ್ಲಿ ಅವರು ವರ್ಗ ಕೇಳಿ ಹೊರಟುಹೋದರು, ಅನಂತರ ಸ್ವಯಂನಿವೃತ್ತಿ ಪಡೆದರೆಂದು ತಿಳಿದುಬಂದಿತು. ದಾಖಲೆಯ ಪ್ರಕಾರ ಅವರಿಗೆ ಯಾರೂ ಅನ್ಯಾಯ ಮಾಡಲಿಲ್ಲ. ಅವರ ಸೇವಾ ಪುಸ್ತಕದಲ್ಲಿ ಒಂದು ಕಪ್ಪುಚುಕ್ಕೆಯೂ ಇಲ್ಲ. ಆದರೂ ಒಂದು ನೌಕರಿ ಹೋಯಿತು.

ಈ ಬಗೆಯ ನಷ್ಟಕ್ಕೆ ಮೂಲ ಎಲ್ಲಿದೆಯೆಂದು ವಿಚಾರಿಸಿದರೆ ಅದು ಮಾಹಿತಿಯ ಸೋರಿಕೆಯಲ್ಲಿದೆಯೆಂದು ಕಾಣುತ್ತದೆ. ತಾರತಮ್ಯದ ಮೊದಲ ಹೆಜ್ಜೆ ವಜಾ ಅಲ್ಲ, ಬಯಲಾಗುವುದು. ಬ್ಯಾಂಕಿನವರಾದ ನಮಗೆ ಗೌಪ್ಯವೆಂಬುದು ಹೊಸ ಪಾಠವೇನಲ್ಲ. ರಾಷ್ಟ್ರೀಕೃತ ಬ್ಯಾಂಕಿಗೆ ಸೇರುವ ಪ್ರತಿಯೊಬ್ಬ ನೌಕರನೂ 1970ರ ಬ್ಯಾಂಕ್ ರಾಷ್ಟ್ರೀಕರಣ ಕಾಯಿದೆಯಂತೆ ನಿಷ್ಠೆ ಮತ್ತು ಗೌಪ್ಯದ ಘೋಷಣೆಗೆ ಸಹಿ ಹಾಕುತ್ತಾನೆ. ಗ್ರಾಹಕರ ಖಾತೆಯಲ್ಲಿ ಎಷ್ಟು ಹಣವಿದೆಯೆಂದು ನಾವು ಮನೆಯಲ್ಲಿಯೂ ಬಾಯಿ ಬಿಡುವುದಿಲ್ಲ. ಅಪರಿಚಿತ ಗ್ರಾಹಕನ ಶಿಲ್ಕಿಗೆ ಕೊಡುವ ಈ ಮರ್ಯಾದೆಯನ್ನು ಪಕ್ಕದ ಕುರ್ಚಿಯ ಸಹೋದ್ಯೋಗಿಯ ಔಷಧಚೀಟಿಗೂ ಕೊಡಬೇಕೆಂಬುದಷ್ಟೇ ಕಾಯಿದೆಯ ಅಪೇಕ್ಷೆ. ವೈದ್ಯಕೀಯ ಬಿಲ್ಲುಗಳನ್ನು ಮುಚ್ಚಿದ ಲಕೋಟೆಯಲ್ಲಿ ಪಡೆಯುವುದು, ಅವನ್ನು ನೋಡುವ ಅಧಿಕಾರವನ್ನು ಒಬ್ಬಿಬ್ಬರಿಗೆ ಸೀಮಿತಗೊಳಿಸುವುದು, ರಜೆಯ ಅರ್ಜಿಯಲ್ಲಿ ರೋಗದ ಹೆಸರನ್ನು ಕೇಳದಿರುವುದು, ಇವು ಯಾವ ಕಚೇರಿಯಲ್ಲಾದರೂ ಖರ್ಚಿಲ್ಲದೆ ಮಾಡಬಹುದಾದ ಕ್ರಮಗಳು.

ಜನಮನದಲ್ಲಿನ ಭಯ ಇನ್ನೂ ಕರಗಿಲ್ಲವೆಂಬುದಕ್ಕೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮೀಕ್ಷೆಯೇ ಸಾಕ್ಷಿ. 50 ದೇಶಗಳ 55,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿ 2021ರಲ್ಲಿ ಪ್ರಕಟವಾದ ಆ ಸಮೀಕ್ಷೆಯಲ್ಲಿ ಹತ್ತರಲ್ಲಿ ಸುಮಾರು ನಾಲ್ವರು, ಸೋಂಕಿತರಿಗೆ ಇತರರೊಡನೆ ನೇರವಾಗಿ ಕೆಲಸ ಮಾಡಲು ಅವಕಾಶವಿರಬಾರದೆಂದರು. ಹತ್ತರಲ್ಲಿ ಆರು ಮಂದಿ ಕೆಲಸಕ್ಕೆ ಮುನ್ನ ಕಡ್ಡಾಯ ಪರೀಕ್ಷೆಯನ್ನು ಬೆಂಬಲಿಸಿದರು.

ಹೋಟೆಲು, ಅಂಗಡಿ, ಮನೆಗೆಲಸ

ಮುಂಬಯಿ ಕನ್ನಡಿಗರ ಇತಿಹಾಸದಲ್ಲಿ ಹೋಟೆಲು ಉದ್ಯಮದ ಸ್ಥಾನ ಎಲ್ಲರಿಗೂ ತಿಳಿದದ್ದೇ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದವರು ನಮ್ಮ ನಡುವೆ ಅನೇಕರಿದ್ದಾರೆ. ಇಂದು ಅವರಲ್ಲಿ ಹಲವರು ಮಾಲಿಕರು. ಆದ್ದರಿಂದ ಈ ಕಾಯಿದೆಯು ನಮ್ಮನ್ನು ನೌಕರರಾಗಿ ಮಾತ್ರವಲ್ಲ, ನೌಕರಿದಾತರಾಗಿಯೂ ಮುಟ್ಟುತ್ತದೆ.

ಅಡಿಗೆಯವನಿಗೆ ಅಥವಾ ಬಡಿಸುವವನಿಗೆ ಸೋಂಕಿದ್ದರೆ ಗಿರಾಕಿಗೆ ಅಪಾಯವೆಂಬುದು ಸಾಮಾನ್ಯ ಭೀತಿ. ಆಹಾರದ ಮೂಲಕ ಎಚ್.ಐ.ವಿ. ಹರಡುವುದಿಲ್ಲ. ಅಡಿಗೆಮನೆಯ ಶುಚಿತ್ವದ ನಿಯಮಗಳು ಎಲ್ಲರಿಗೂ ಒಂದೇ. ಕೈ ಕೊಯ್ದುಕೊಂಡವನು, ಅವನು ಯಾರೇ ಆಗಿರಲಿ, ಗಾಯಕ್ಕೆ ಪಟ್ಟಿ ಕಟ್ಟಿಕೊಂಡ ಬಳಿಕವೇ ತರಕಾರಿ ಹೆಚ್ಚಬೇಕು. ಅದರಾಚೆಗೆ ಬೇರೆ ನಿಯಮದ ಅಗತ್ಯವಿಲ್ಲ.

ಸಣ್ಣ ಸಂಸ್ಥೆಗೆ ಕಾಯಿದೆ ಅನ್ವಯಿಸದೆಂಬ ಭ್ರಮೆಯೂ ಬೇಡ. ಯಾವ ವ್ಯಕ್ತಿಯೂ ತಾರತಮ್ಯವೆಸಗಬಾರದೆಂಬುದೇ ಕಾಯಿದೆಯ ಒಕ್ಕಣೆ. ಇಬ್ಬರೋ ಹೆಚ್ಚೋ ಮಂದಿ ಸೇರಿ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ವ್ಯವಸ್ಥಿತವಾಗಿ ನಡೆಸುವ ಚಟುವಟಿಕೆಯೂ, ಸಹಕಾರಿ ಸಂಘವೂ ಕಾಯಿದೆಯ ದೃಷ್ಟಿಯಲ್ಲಿ ಸಂಸ್ಥೆಯೇ. ನಾಲ್ಕು ಮೇಜಿನ ಉಪಾಹಾರ ಗೃಹ, ಪಾಲುದಾರಿಕೆಯ ಅಂಗಡಿ, ಹೌಸಿಂಗ್ ಸೊಸೈಟಿ ಮತ್ತು ನಮ್ಮ ಕನ್ನಡ ಸಂಘಗಳು ಸಹ ಇದರಿಂದ ಹೊರತಲ್ಲ. ಮನೆಗೆಲಸದ ಹೆಂಗಸಿನಿಂದ ರಕ್ತಪರೀಕ್ಷೆಯ ವರದಿ ಕೇಳುವ ಪರಿಪಾಠವನ್ನು ಈ ಬೆಳಕಿನಲ್ಲಿ ಮರುವಿಮರ್ಶಿಸಿಕೊಳ್ಳುವುದು ಅಗತ್ಯ. ಅನ್ನಕ್ಕಾಗಿ ಊರು ಬಿಟ್ಟು ಬಂದ ನಮ್ಮ ಹಿರಿಯರಿಗೆ ಈ ನಗರವು ಕೆಲಸ ಬಲ್ಲೆಯಾ ಎಂದು ಕೇಳಿತೇ ಹೊರತು ಮೈಯೊಳಗೇನಿದೆಯೆಂದು ಕೇಳಲಿಲ್ಲ.

ದೂರು ಸಲ್ಲಿಸುವ ಕ್ರಮ

ಅನ್ಯಾಯಕ್ಕೊಳಗಾದವರು ಅನುಸರಿಸಬಹುದಾದ ಮಾರ್ಗವನ್ನು ಸಂಕ್ಷೇಪವಾಗಿ ಕೆಳಗೆ ಕೊಟ್ಟಿದ್ದೇವೆ.

1. ನೂರು ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಯಲ್ಲಿ ದೂರು ಅಧಿಕಾರಿಯೊಬ್ಬರನ್ನು ನೇಮಿಸಬೇಕು. ಆಸ್ಪತ್ರೆ ಮೊದಲಾದ ಆರೋಗ್ಯ ಸಂಸ್ಥೆಗಳಲ್ಲಿ ಈ ಮಿತಿ ಇಪ್ಪತ್ತು. ಮೊದಲ ದೂರನ್ನು ಇವರಿಗೆ ಬರವಣಿಗೆಯಲ್ಲಿ ಸಲ್ಲಿಸಿ, ಸ್ವೀಕೃತಿ ಪಡೆಯಬೇಕು.

2. ಪ್ರತಿ ರಾಜ್ಯ ಸರಕಾರವೂ ಓಂಬುಡ್ಸ್‌ಮನ್ ಎಂಬ ಅಧಿಕಾರಿಯನ್ನು ನೇಮಿಸಬೇಕೆಂದು ಕಾಯಿದೆ ವಿಧಿಸಿದೆ. ದೂರು ಬಂದ ಮೂವತ್ತು ದಿನಗಳೊಳಗೆ ಇವರು ಉಭಯ ಪಕ್ಷಗಳನ್ನೂ ಕೇಳಿ ಕಾರಣಸಹಿತ ಆದೇಶ ನೀಡಬೇಕು. ಆದೇಶ ಪಾಲಿಸದವರಿಗೆ 10,000 ರೂಪಾಯಿಯವರೆಗೆ ದಂಡವಿದೆ. ಉಲ್ಲಂಘನೆ ಮುಂದುವರಿದರೆ ದಿನಕ್ಕೆ 5,000 ರೂಪಾಯಿಯವರೆಗೆ ಹೆಚ್ಚುವರಿ ದಂಡವನ್ನೂ ತೆರಬೇಕಾಗುತ್ತದೆ.

3. ನ್ಯಾಯಾಲಯಕ್ಕೆ ಹೋಗುವವರು ತಮ್ಮ ಹೆಸರನ್ನು ಮರೆಮಾಡಿ ಬೇರೆ ಹೆಸರಿನಿಂದ ಮೊಕದ್ದಮೆ ನಡೆಸಲು ಹಾಗೂ ಮುಚ್ಚಿದ ಕೋಣೆಯಲ್ಲಿ ವಿಚಾರಣೆ ಕೋರಲು ಅರ್ಜಿ ಹಾಕಬಹುದು. ಇದನ್ನು ಮೊದಲ ಅರ್ಜಿಯೊಡನೆಯೇ ಕೇಳುವುದು ಕ್ಷೇಮ. ಹೆಸರು ಒಮ್ಮೆ ದಾಖಲೆಗೆ ಬಂದ ಮೇಲೆ ಅದನ್ನು ಅಳಿಸುವುದು ಕಷ್ಟ.

4. ನೇಮಕಾತಿ ಪತ್ರ, ವೇತನ ಚೀಟಿ, ಕಾರ್ಯಮೌಲ್ಯಮಾಪನ ವರದಿ, ವರ್ಗಾವಣೆ ಆದೇಶ ಇವುಗಳ ಪ್ರತಿಗಳನ್ನು ಮನೆಯಲ್ಲಿ ಕಾಯ್ದಿಡಬೇಕು. ಕೆಲಸ ಬಲ್ಲೆನೆಂಬುದಕ್ಕೆ ಇವೇ ಸಾಕ್ಷ್ಯ. ರಾಜೀನಾಮೆ ಕೊಡುವಂತೆ ಒತ್ತಾಯ ಬಂದರೆ ಅವಸರದಲ್ಲಿ ಸಹಿ ಹಾಕಬಾರದು.

5. ರಾಷ್ಟ್ರೀಯ ಏಡ್ಸ್ ಸಹಾಯವಾಣಿಯ ಸಂಖ್ಯೆ 1097. ಇದು ಶುಲ್ಕರಹಿತ. ಪರೀಕ್ಷೆ, ಚಿಕಿತ್ಸೆ ಮತ್ತು ತಾರತಮ್ಯದ ವಿಷಯಗಳಲ್ಲಿ ಇಲ್ಲಿಂದ ಮಾರ್ಗದರ್ಶನ ದೊರೆಯುತ್ತದೆ.

ಕಾಯಿದೆಯು ನೌಕರಿಯನ್ನು ಕಾಯಬಲ್ಲದು, ಊಟದ ಮೇಜಿನ ಪಕ್ಕದ ಕುರ್ಚಿಯನ್ನು ತುಂಬಿಸಲಾರದು. ಆ ಕೆಲಸ ಸಹೋದ್ಯೋಗಿಗಳದು. ಯಾರದಾದರೂ ರೋಗದ ಸುದ್ದಿ ಆಕಸ್ಮಿಕವಾಗಿ ನಮ್ಮ ಕಿವಿಗೆ ಬಿದ್ದರೆ ಅದನ್ನು ಅಲ್ಲಿಯೇ ನಿಲ್ಲಿಸುವುದು ಮೊದಲ ಕರ್ತವ್ಯ. ಆ ವ್ಯಕ್ತಿಯೊಡನೆ ನಿನ್ನೆಯಂತೆಯೇ ಇಂದೂ ಕೂತು ಚಹಾ ಕುಡಿಯುವುದು ಎರಡನೆಯದು. ನಮ್ಮ ಸಂಘದ ಸದಸ್ಯರಲ್ಲಿ ಉದ್ಯಮಿಗಳೂ ವೈದ್ಯರೂ ವಕೀಲರೂ ಇದ್ದಾರೆ. ತಮ್ಮ ತಮ್ಮ ಸಂಸ್ಥೆಗಳಲ್ಲಿ ದೂರು ಅಧಿಕಾರಿಯ ನೇಮಕವಾಗಿದೆಯೇ, ನೇಮಕಾತಿಯ ತಪಾಸಣೆಯಲ್ಲಿ ಈ ಪರೀಕ್ಷೆ ಸೇರಿಕೊಂಡಿದೆಯೇ, ವೈದ್ಯಕೀಯ ಕಡತಗಳು ಯಾರ ಕೈಗೆ ಸಿಗುತ್ತಿವೆ ಎಂಬ ಮೂರು ಪ್ರಶ್ನೆಗಳನ್ನು ಅವರು ಈ ವಾರವೇ ವಿಚಾರಿಸಿ ನೋಡಬೇಕೆಂದು ವಿನಂತಿಸುತ್ತೇವೆ.